ಮೊದಲು ಹೆಬ್ಬಟ್ಟು

ತಡಿ ಬಾಸಿಂಗಿ. ಇವತ್ತ ನಿನ್ನ ಕಾಲು ಆಮ್ಯಾಲ.

ಹಣಿ ತುಂಬ ಕಂದು ಮಚ್ಚಿ ಹೊತ್ತು
ಮದಿವಿ ಹಂದರದಾಗಿಂದ ಎದ್ದು ಬಂದಂಗ ಹುಟ್ಟಿದ್ದಿ,
ಅದಕ್ಕ ಈ ಹೆಸರು.
ಜತ್ತಿನ ದನದ ದವಾಖಾನಿ ವಹಿಯಾಗ
ನೀ ಕಿವಿಯಾಗಿನ ಹಳದಿ ಬಿಲ್ಲಿ ನಂಬರು,
ನಾ ಲಗ್ಮಾಬಾಯಿ.
ಲಗಮವ್ವರೀ, ಅಂದೆ. ಡಾಕ್ಟರ ತಲಿ ಎತ್ತಲಿಲ್ಲ.
'ಪಾಯ ಸುಜಲಾ' ಅಂತ ಬರಕೊಂಡ, ಸೂಜಿ ಚುಚ್ಚಿದ.
ಕೈ ಹಗುರ ಇತ್ತು ಅಂವಂದು, ಸುಳ್ಳು ಯಾಕ ಹೇಳಲಿ.
ಗೊರಸು ಹೆರದು ಒಣಾ ನೆಲದಾಗ ಇಡು ಅಂದ.

ಒಣಾ ನೆಲ!
ಉಮದಿ ಬಿಟ್ಟು ಇಲ್ಲಿಗೆ ಮೂರು ರಾತ್ರಿ,
ದ್ರಾಕ್ಷಿ ತ್ವಾಟದ ಪೈಪು ಒಡದ ಕೆಸರಾಗ ಕುರಿ ತರುಬೇವಿ.
ಮಾಲಕಗ ಬೇಕಾದದ್ದು ಹಿಕ್ಕಿ,
ಅದನ್ನ ಉದರಿಸೋ ನಾಕು ಕಾಲು ಅಲ್ಲ.

ನಿನ್ನಿ ಏನಾತಂದ್ರ,
ನಿನಗ ಗೊತ್ತೈತಿ, ಆದ್ರೂ ಹೇಳತೀನಿ.
ಎಂಟು ದಿನದ ಹಿಂದ ಈ ಬಲಗೈ ಹೆಬ್ಬಟ್ಟಿಗೆ ಜಾಲಿಮುಳ್ಳು ನಟ್ಟಿತ್ತು.
ಹಲ್ಲಿಲೆ ಕಿತ್ತೆ, ಅರ್ಧ ಬಂತು.
ಅರ್ಧಾನ ಒಳಗಿಟಕೊಂಡ
ಇಪ್ಪತ್ತಾರು ಕುರಿಗೆ ಬೇವಿನೆಣ್ಣಿ ಹಚ್ಚಿದೆ,
ಮರಿ ಹೊಟ್ಟಿಗೆ ಅಜವಾನದ ನೀರು ಕುಡಿಸಿದೆ,
ಟಗರಿನ ಕೋಡಿನ ಬುಡಕ ಅರಿಷಿಣ ಮೆತ್ತಿದೆ.
ಬಟ್ಟಲದ ತಳಕ್ಕ ಉಳದದ್ದು, ಬೆರಳಿಲೆ ಸವರಿ ತಗದದ್ದು,
ಅಷ್ಟ ನಂದು. ಹಿಮ್ಮಡಕ್ಕ ಹಚ್ಚಿದ್ರ ಮೊಣಕಾಲಿಗೆ ಇಲ್ಲ.
ನಮ್ಮವ್ವನೂ ಹಿಂಗ:
ಎಮ್ಮಿ ಕೆಚ್ಚಲಿಗೆ ಬೆಣ್ಣಿ, ಜಿಡ್ಡುಗೈ ತನ್ನ ತುಟಿಗೆ.

ಹೆಬ್ಬಟ್ಟು ಬಾತು ಬದನಿಕಾಯಿ ಆಗಿತ್ತು ನಿನ್ನಿ.
ಚೂರಿ ಹಿಡದೆ, ಬೆರಳು ಬಗ್ಗಲಿಲ್ಲ.
ಜಾರಿತು.
ಗೊರಸಿನ ಸತ್ತದ್ದು ದಾಟಿ ಜೀವ ಇದ್ದಲ್ಲೆ ಇಳೀತು.
ನೀ ಒದರಲಿಲ್ಲ.
ಕಿವಿ ಹಿಂದಕ್ಕ ಹೊಳ್ಳಿಸಿ ನಿಂತಿ.
ಒದ್ದಿದ್ರ ಚಲೋ ಇತ್ತು.

ಅದಕ್ಕ ಇವತ್ತ ಮೊದಲು ಇದು.
ಮೂರು ಕಲ್ಲು, ಸಣ್ಣ ಉರಿ.
ಎಕ್ಕಿ ಎಲಿ ಮುರದೆ, ಹಾಲು ಕಣ್ಣಿಗೆ ಸಿಡದೀತಂತ ಮಾರಿ ಆಕಡೆ.
ಔಡಲೆಣ್ಣಿ ಸವರಿ ಹಂಚಿನ ಮ್ಯಾಲ ಬಾಡಿಸಿ
ಬೆಚ್ಚಗಿದ್ದಾಗ ಸುತ್ತಿದೆ.
ಎಲಿ ಆರಿದಂಗ ಮತ್ತೊಂದು, ಮತ್ತೊಂದು.
ಹೊತ್ತು ನೆತ್ತಿಗೆ ಬರೂದರಾಗ ಕೀವು ಬಾಯಿ ಬಿಡ್ತು,
ಹಿಂದ ಜೀರಿಗಿಯಷ್ಟು ಮುಳ್ಳು.
ಇಷ್ಟ ಇತ್ತು ನೋಡು. ಇಷ್ಟಕ್ಕ ಎಂಟು ದಿನ.
ಬಿಸಿನೀರಿಗೆ ಉಪ್ಪು ಹಾಕಿ ಕಾಲೂ ಇಳಿಬಿಟಕೊಂಡು ಕುಂತೆ.
ಹಾಡೇ ಹಗಲು ಕುಂತೆ!
ಮಾಲಕನ ಮಗ ಗಾಡಿ ನಿಲ್ಲಿಸಿ ನೋಡಿ ಹ್ವಾದ.

ಸಿದಗೊಂಡ ನೀರಿನ ಕೊಡ ಇಳಿಸಿ,
ಯಾವ ಕುರಿಗೆ ಏನಾತು, ಅಂದ.
ಕುರಿಗಲ್ಲ, ನನಗ, ಅಂದೆ.
ತುಸು ಹೊತ್ತು ಲೆಕ್ಕ ತಪ್ಪಿದವರಂಗ ನಿಂತ.
ಆಮ್ಯಾಲ ತನ್ನ ಕಂಬಳಿ ಮಡಚಿ ನನ್ನ ಬೆನ್ನಿಗೆ ತುರುಕಿ
ಮರಿ ಎಣಸಾಕ ಹ್ವಾದ. ಎರಡು ಸಲ ಎಣಿಸಿದ.

ಈಗ ಕೊಡು ಕಾಲು.
ಜಾಲಿ ತೊಗಟಿ ಕುದಿಸಿದ ನೀರು ಇದು, ತಣ್ಣಗಾಗೈತಿ.
ಸೀತಾಫಲದ ಎಲಿ ಅರದೇನಿ,
ಹುಳ ಇದ್ರ ಹೊರಗ ಬರತಾವು. ಹೊಲಸು ವಾಸನಿ, ತಡಕೊ.
ನನ್ನ ಹಳೇ ಸೀರಿ ಸೆರಗಿನ ಪಟ್ಟಿ ನಿನಗ,
ಇಳಕಲ್ಲಿಂದು, ಕೆಂಪಂಚು,
ಹೆಸರಿಗೆ ತಕ್ಕಂಗ.
ನಾಳೆ ಮತ್ತ ಜತ್ತಿಗೆ ಹೋಗೂಣು,
ಸೂಜಿ ಇನ್ನೊಂದು ಬಾಕಿ ಐತಿ.
ಲಗ್ಮಾಬಾಯಿ ಅಂದ್ರ ಅನ್ನಲಿ, ಕೈ ಹಗುರ ಐತಿ.

ಹೆಬ್ಬಟ್ಟು ಅರ್ಧ ಬಗ್ಗತೈತಿ.
ಅರ್ಧ ಸಾಕು, ನಿಧಾನ ಹೆರೀತೀನಿ,
ಇವತ್ತ ಚೂರಿಗೆ ಅವಸರ ಇಲ್ಲ.

ಏ, ಬಿಡು! ಬಿಡು ಅಂದ್ನಿ!
ನನ್ನ ಬೆರಳಿಗೆ ಕಟ್ಟಿದ್ದು ಅದು, ಎಕ್ಕಿ ಎಲಿ,
ಮೇಯೂದಲ್ಲ.