ನವೆಂಬರ್ ನಾಲ್ಕರೊಳಗೆ

ನಾಲ್ಕನೇ ತಾರೀಖು ಮೇಲಿನ ಲಾಕು ಮುಚ್ಚುತ್ತಾರೆ.
ಬಾಗಿಲು ಕಳಚಿ, ನೀರು ಬಸಿದು, ಸಡಿಲ ಇಟ್ಟಿಗೆ ಕಿತ್ತು ಕಟ್ಟಿ
ಮತ್ತೆ ತೆರೆಯುವುದು ಮಾರ್ಚಿಗೆ.
ಅಷ್ಟರೊಳಗೆ ಹದಿಮೂರು ದೋಣಿ, ಒಂದೇ ಡಾಕು,
ನಾನು, ಡೆಂಜಿಲ್,
ಬೆನ್ನು ಹಿಡಿಯದ ಸೋಮವಾರಗಳಂದು ಕ್ಲೆಮ್.

ಗೋಡೆಯ ಬಿಳಿ ಹಲಗೆಯ ಮೇಲೆ ನನ್ನ ಅಕ್ಷರ:
ಹೆಸರು, ಉದ್ದ, ಒಳಗೆ, ಹೊರಗೆ, ಷರಾ.
ಬರೆದದ್ದಕ್ಕಿಂತ ಒರೆಸಿದ್ದೇ ಹೆಚ್ಚು.
ಹಳೆಯ ಮಂಗಳವಾರಗಳು ನೀಲಿ ಮಬ್ಬಾಗಿ
ಹೊಸ ಮಂಗಳವಾರದ ಕೆಳಗೆ ಇನ್ನೂ ಕಾಣುತ್ತವೆ.

ಫೋನು. ‘ನಮ್ಮದೊಂದು ಸಣ್ಣ ಕೆಲಸ.’
ಎಲ್ಲರದೂ ಸಣ್ಣ ಕೆಲಸವೇ.
ಮಿಸೆಸ್ ಪಾರ್ಗಿಟರ್‌ಗೆ ಶಾಫ್ಟಿನ ಬುಡದಲ್ಲಿ ತೊಟ್ಟಿಕ್ಕುವ ನೀರು,
ನಿಮಿಷಕ್ಕೆ ನಾಲ್ಕು ಹನಿ,
ಅಡಿಗೆ ಟೀ ಕಪ್ಪಿಟ್ಟು, ಗಡಿಯಾರ ಹಿಡಿದು ಎಣಿಸಿದ್ದಾಳೆ.
ದೋಣಿ ಕಟ್ಟಿ, ಬೀಗದ ಕೈ ಕೊಟ್ಟು
ತಂಗಿಯ ಮನೆಗೆ ಹೋಗಿದ್ದಾಳೆ. ಸರದಿ ಹನ್ನೊಂದು.

ನೀರು ಇಳಿದಂತೆ ದೋಣಿ ದಿಮ್ಮಿಗಳ ಮೇಲೆ ಕೂರುತ್ತದೆ,
ಮದುವೆಮನೆಯ ಕೊನೆಯ ಪಂಕ್ತಿಗೆ ಕೂತ ದೊಡ್ಡ ಹೆಂಗಸಿನಂತೆ:
ಒಂದು ನರಳು, ಒಂದು ನಿಟ್ಟುಸಿರು.
ಆಮೇಲೆ ಕಾಣುವುದು ಹೊಟ್ಟೆ.
ಪಾಚಿ, ಚಿಪ್ಪು, ಪ್ರೊಪೆಲ್ಲರಿಗೆ ಸುತ್ತಿದ
ಯಾರದೋ ಹಾಸಿಗೆಯ ಸ್ಪ್ರಿಂಗು.
ಡೆಂಜಿಲ್ ಸುತ್ತಿಗೆ ಹಿಡಿದು, ಮಡಕೆ ಕೊಳ್ಳುವವನ ಹಾಗೆ
ತಟ್ಟುತ್ತಾನೆ, ಕಿವಿಗೊಡುತ್ತಾನೆ,
ದನಿ ಬೋಳಾದಲ್ಲಿ ಸೀಮೆಸುಣ್ಣದ ಗುರುತು.

ಆನೋಡುಗಳು: ಉಕ್ಕಿನ ಬದಲು ತಾವು ಸವೆಯುವ ತುಂಡುಗಳು.
ಹಾಕಿದಾಗ ಬ್ರೆಡ್ಡಿನ ಗಾತ್ರ,
ಈಗ ಬಚ್ಚಲಿನ ಕೊನೆಯ ಸೋಪಿನ ಚೂರು.
ಇದರಲ್ಲಿ ನೀತಿ ಹುಡುಕಬೇಡಿ.
ಜೋಡಿಗೆ ನೂರಾ ಹತ್ತು ಪೌಂಡು, ವೆಲ್ಡಿಂಗ್ ಬೇರೆ.

ಡಾಂಬರು ಮೂರು ಕೈ. ಮೊದಲ ಕೈ ಉಕ್ಕು ಕುಡಿಯುತ್ತದೆ,
ಎರಡನೆಯದು ಮೋಡ ಕುಡಿಯುತ್ತದೆ, ಒಣಗುವುದೇ ಇಲ್ಲ.
ಮೂರನೆಯದಕ್ಕೆ ನಮ್ಮ ಉಗುರು, ಕೂದಲು,
ಮಧ್ಯಾಹ್ನದ ಚೀಸು, ಎಲ್ಲಕ್ಕೂ ಅದೇ ರುಚಿ.

ಏಳನೆಯ ಸರದಿ ಡಾರ್ಕಸ್, ಐವತ್ತೇಳು ಅಡಿ,
ಒಡೆಯ ಐವರ್ ಸ್ಕಿಡ್‌ಮೋರ್,
ಮೂವತ್ತೊಂದು ವರ್ಷದಿಂದ ಅದರಲ್ಲೇ ವಾಸ.
‘ಎಂಟು ದಿನ ಲಾಡ್ಜಿಗೆ ಹೋಗಿ’ ಎಂದೆ.
ಬೆಕ್ಕಿಗೆ ಹೇಳಿದಂತಾಯಿತು.
ಏಣಿ ಹಾಕಿಸಿಕೊಂಡ, ಒಲೆ ಹಚ್ಚಿದ,
ಕೆಳಗೆ ನಾವು ಡಾಂಬರು ಬಳಿಯುವಾಗ
ಮೇಲೆ ಈರುಳ್ಳಿ ಹುರಿದ.

ಮೂರನೆಯ ರಾತ್ರಿ ಎರಡು ಗಂಟೆಗೆ
ವರ್ಕ್‌ಶಾಪಿನ ಮೇಲಿನ ನನ್ನ ಕಿಟಕಿಯಿಂದ ಕಂಡ:
ಪೈಜಾಮ, ರಬ್ಬರ್ ಬೂಟು, ಡಾಕಿನ ಅಂಚಿನಲ್ಲಿ.
ಕೋಟು ಹಾಕಿಕೊಂಡು ಇಳಿದೆ.
‘ನಿಂತುಬಿಟ್ಟಿದೆ’ ಎಂದ.
‘ಏನು, ಪಂಪೇ?’
‘ಅಲ್ಲ. ಎಲ್ಲ.
ಮಗ್ಗುಲು ಬದಲಿಸಿದರೆ ಅದೂ ಒಂದಿಷ್ಟು ಬದಲಿಸುತ್ತಿತ್ತು.
ಈಗ ನಾನೊಬ್ಬನೇ ಹೊರಳಬೇಕು.’
ಆಮೇಲೆ, ತಗ್ಗಿದ ದನಿಯಲ್ಲಿ:
‘ಒಂದಡಿ ನೀರು ಬಿಡಲಿಕ್ಕಾಗದೆ?’

ಒಂದಡಿ ನೀರು! ಹಸಿ ಡಾಂಬರಿನ ಮೇಲೆ!
ಹಲಗೆ ನೆನಪಾಯಿತು, ನಾಲ್ಕನೇ ತಾರೀಖು ನೆನಪಾಯಿತು,
ಬಾಯಿ ತೆರೆದೆ, ಮುಚ್ಚಿದೆ.
ಕೊಕ್ಕೆಯಿಂದ ಒಂದು ಬೀಗದ ಕೈ ತೆಗೆದು ಕೊಟ್ಟೆ.

ಅವನು ಹತ್ತಿದ. ಸರದಿಯ ಹನ್ನೊಂದನೆಯ ದೋಣಿ
ಒಂದು ಕಡೆಗೆ ಬಾಗಿ, ಮತ್ತೆ ಸರಿಯಾಗಿ ನಿಂತಿತು.
ದಡದ ಬಾತುಕೋಳಿ ಕಣ್ಣು ಬಿಟ್ಟು ಮುಚ್ಚಿತು.

ಬೆಳಿಗ್ಗೆ ಹತ್ತಾದರೂ ಏಳಲಿಲ್ಲ.
ಹನ್ನೊಂದಕ್ಕೆ ಆಫೀಸಿಗೆ ಬಂದು, ಟೋಪಿ ತೆಗೆದು,
ಬೇರೆ ಮಾತೇ ಇಲ್ಲದೆ ಹೇಳಿದ:
‘ನಾಲ್ಕಲ್ಲ, ಆರು ಹನಿ. ಕಪ್ಪು ತುಂಬಿತ್ತು, ಚೆಲ್ಲಿದೆ.’

ಹನ್ನೊಂದನ್ನು ಒರೆಸಿ ಎಂಟು ಮಾಡಿದೆ.
ಎಂಟರವನಿಗೆ ಫೋನು ಮಾಡಿದೆ, ಬೈಸಿಕೊಂಡೆ.
ಡಾರ್ಕಸ್ ಎದುರಿನ ಷರಾದಲ್ಲಿ ಏನು ಬರೆಯುವುದು?
ಪೆನ್ನು ಹಿಡಿದು ನಿಂತೆ ಸ್ವಲ್ಪ ಹೊತ್ತು.
ಖಾಲಿ ಬಿಟ್ಟೆ.

ಇವತ್ತು ಮೂರು. ಲಾಕಿನ ಬಳಿ ತಡೆಹಲಗೆಗಳು ಬಂದು ಬಿದ್ದಿವೆ.
ಎರಡು ದೋಣಿ ಇನ್ನೂ ಉಳಿದಿವೆ.
ಕ್ಲೆಮ್‌ನ ಬೆನ್ನು ಹಿಡಿದಿದೆ.
ಫೋನು.