ಮೂರು ಸಾರಿ

ಸಂತೆಪೇಟೆಯ ನನ್ನ ರಿಪೇರಿ ಅಂಗಡಿಗೆ
ಮಿಸೆಸ್ ಲೋಬೊ ಅವರ ಪೆಟ್ಟಿಗೆ ಬಂದದ್ದು
ಸಕಲೇಶಪುರದ ಬಸ್ಸಿನಲ್ಲಿ,
ಡ್ರೈವರ್ ಪಕ್ಕ ಕೂತು, ಟಿಕೇಟಿಲ್ಲದೆ.
ಒಳಗೆ ಹನ್ನೊಂದು ತಟ್ಟೆ, ಒಂದು ಚೀಟಿ:
'ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ. ಕರಕರ ತೆಗೆಯಿರಿ.
ಇವರು ಹಾಡಿದರೆ ನಮ್ಮವರು
ತುತ್ತು ಬಿಟ್ಟು ಏಳುತ್ತಿದ್ದರು.'

ಇಟಲಿಯ ಹಾಡು. ಹಾಡಿದವನ ಹೆಸರಿದ್ದ ಜಾಗವನ್ನು
ಹುಳು ತಿಂದಿದೆ. ಉಳಿದದ್ದು ಕರಿ ಕೋಟು,
ಅಗಲ ಹಣೆ, ಯಾರಿಗೋ ಕಾಯುತ್ತಿರುವಂಥ ಗಲ್ಲ.
ರಟ್ಟಿನ ಬೆನ್ನಿಗೆ ಇಂಗ್ಲಿಷಿನಲ್ಲಿ ಅರ್ಧ ವಾಕ್ಯ:
'ಬಾಗಿಲಲ್ಲಿ ನಿಂತ ಆ ತಂದೆ'
ಮುಂದಿನದನ್ನು ಹುಳುವೇ ಓದಿಕೊಂಡಿದೆ.

ಈ ಸಂಗೀತ ನನಗೆ ಗೊತ್ತಿಲ್ಲ. ಕಂಠ ಗೊತ್ತು.
ನಮ್ಮ ಕಡೆ ನಾಟಕಕ್ಕೆ ಪಾತ್ರ ಹಂಚುವಾಗ
ಹಾರ್ಮೋನಿಯಂ ಮೇಷ್ಟ್ರು ಒಂದು ಮನೆ ಒತ್ತಿ ಹಿಡಿದು
'ಆ ಅನ್ನಪ್ಪ' ಅನ್ನುತ್ತಾರೆ.
ತೆಳು ಕಂಠಕ್ಕೆ ಕೊಳಲು, ನವಿಲುಗರಿ.
ದಪ್ಪ ಕಂಠಕ್ಕೆ ಗದೆ, ಮೀಸೆ,
ಬೆಳಗಿನ ಜಾವ ನೆಲಕ್ಕೆ ಬೀಳುವ ಕೆಲಸ.
ನಾನೂ ಒಮ್ಮೆ ಬಿದ್ದಿದ್ದೇನೆ, ದುದ್ದದಲ್ಲಿ. ಮಂಡಿ ಇನ್ನೂ ನೋಯುತ್ತದೆ.
ಇವನದೂ ಅದೇ ಪಾಡೆಂದು ಮೊದಲ ಸುತ್ತಿಗೇ ತಿಳಿಯಿತು:
ಎಲ್ಲೋ ಹಿಂದೆ ಒಬ್ಬ ತೆಳು ಕಂಠದವನು
ಹುಡುಗಿಯನ್ನು ಗೆದ್ದುಕೊಳ್ಳುತ್ತಿದ್ದಾನೆ,
ಇವನು ಕೇಳಿಸಿಕೊಳ್ಳುತ್ತಾ ನಿಂತಿದ್ದಾನೆ.

ಒಂದೇ ಹಾಡು ಮೂರು ತಟ್ಟೆಗಳಲ್ಲಿತ್ತು.
ಇಸವಿಗಳು ಮಾತ್ರ ಹುಳುವಿಗೆ ರುಚಿಸಿಲ್ಲ.
ಐವತ್ಮೂರರಲ್ಲಿ ಬಾಗಿಲು ಒದೆಯುತ್ತಾನೆ.
ಅರವತ್ತಾರರಲ್ಲಿ ಬಡಿಯುತ್ತಾನೆ.
ಎಪ್ಪತ್ತೊಂಬತ್ತರದು ತುಂಬಿದ ಸಭೆಯಲ್ಲಿ.
ಯಾರೋ ಕೆಮ್ಮುತ್ತಾರೆ, ಕುರ್ಚಿಯೊಂದು ನರಳುತ್ತದೆ,
ಹಾಡು ತನ್ನ ಎತ್ತರದ ಮೆಟ್ಟಿಲಿಗೆ ಬರುವ ಮುಂಚೆ
ಒಂದು ಉಸಿರು. ಅಷ್ಟು ದೊಡ್ಡ ಮನುಷ್ಯನೊಳಗಿಂದ
ಅಷ್ಟು ಚಿಕ್ಕದು.

ಅವತ್ತು ಕಾಳಶೆಟ್ಟಿ ಬಂದಿದ್ದ, ಕೈಮೈಕು ಕೆಟ್ಟು.
ಎಪಿಎಂಸಿ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ
ಆಲೂಗಡ್ಡೆ ಹರಾಜು ಕೂಗುವವನು.
ಬೀಡಿ ಹಚ್ಚದೆ ಬೆರಳಲ್ಲೇ ಹಿಡಿದು ಮೂರೂ ಕೇಳಿದ.
'ಏನೋ ಮಾರ್ತಾವ್ನೆ ಕಣಪ್ಪ. ಯಾರೂ ಮೇಲಕ್ ಕೂಗ್ತಿಲ್ಲ.
ಮೊದಲ್ನೇದ್ರಲ್ಲಿ ಮಾಲಿನ ಮೇಲೆ ಹಮ್ಮು ಐತೆ.
ಎರಡ್ನೇದ್ರಲ್ಲಿ ಗಿರಾಕಿ ಮುಖ ನೋಡ್ತಾವ್ನೆ.
ಮೂರ್ನೇದು...'
ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.
'ಮೂರ್ ಸಾರಿ ಅನ್ನಕ್ ಮುಂಚೆ ನಾನೂ ಹಿಂಗೇ
ಉಸ್ರು ಎಳ್ಕಳದು. ಅಷ್ಟ್ರಲ್ಲಿ ಯಾರಾರ
ಕೈ ಎತ್ತವ್ರೇನೋ ಅಂತ.'

ರಾತ್ರಿ ಕಂಪ್ಯೂಟರಿನ ಮುಂದೆ ಕೂತೆ.
ಯಾವುದು ಕಸ ಎಂದು ಅದಕ್ಕೊಂದು ಮಾದರಿ ತೋರಿಸಬೇಕು.
ತೋರಿಸಿದೆ. ಗೀರು ಹೋಯಿತು, ಕುರ್ಚಿ ಹೋಯಿತು,
ಕೆಮ್ಮು ಹೋಯಿತು, ಆ ಉಸಿರೂ ಹೋಯಿತು.
ಉಳಿದದ್ದು ತೊಳೆದ ಆಲೂಗಡ್ಡೆಯಂಥ ಹಾಡು, ಫಳಫಳ.
ಮಣ್ಣು ಬಿಟ್ಟ ಗಡ್ಡೆ ಬೇಗ ಕೊಳೆಯುತ್ತದೆಂದು
ಹಾಸನದ ಮಕ್ಕಳಿಗೂ ಗೊತ್ತು.
ಹಿಂದಕ್ಕೆ ಹೋಗಿ ಮುಕ್ಕಾಲು ಸೆಕೆಂಡನ್ನು
ಇದ್ದ ಜಾಗಕ್ಕೇ ಹೊಲಿದೆ.
ಜೊತೆಗೆ ಒಂದು ಕೆಮ್ಮೂ ಬಂತು. ಬರಲಿ.

ಮಿಸೆಸ್ ಲೋಬೊ ಕೇಳಿದರೆ ಹೇಳಲು
ಮಾತು ಜೋಡಿಸಿಕೊಂಡಿದ್ದೆ.
ಅವರು ಕೇಳಲಿಲ್ಲ. ನಾನೂರು ರೂಪಾಯಿ,
ಒಂದು ಜಾಡಿ ಉಪ್ಪಿನಕಾಯಿ, ಅದೇ ಬಸ್ಸಿನಲ್ಲಿ.

ಮಂಗಳವಾರ ಮೈಕು ಕೊಡಲು ಯಾರ್ಡಿಗೆ ಹೋದೆ.
ಚೀಲಗಳ ಮೇಲೆ ಹತ್ತಿ ನಿಂತು ಕಾಳಶೆಟ್ಟಿ
ಒಂದು ಸಾರಿ ಎಂದ. ಎರಡು ಸಾರಿ ಎಂದ.
ರಿಪೇರಿ ಚೆನ್ನಾಗಿಯೇ ಆಗಿತ್ತು,
ಉಸಿರು ಕೂಡ ಗೇಟಿನವರೆಗೆ ಕೇಳಿಸಿತು.
ಮನೆಗೆ ಒಂದು ಕೆಜಿಯೂ ಬೇಕಿರದ ನನ್ನ ಕೈ
ಜೇಬಿನೊಳಗೆ ಅಲ್ಲಾಡಿತು.