ಬಟ್ಟೆಕ್ಲಿಪ್ಪಿನ ಚಾರ್ಜರು

ಅಂಗಡಿಯ ಚಾರ್ಜರಿಗೆ ಮೂವತ್ತೆರಡು ಪೌಂಡು.
ಗ್ರಿಮ್ಸ್‌ಬಿಯಲ್ಲಿ ನನಗದು
ವಾರದ ಬಸ್ ಪಾಸು, ಮೇಲೆ ಹಾಲು, ಬ್ರೆಡ್ಡು, ಮೊಟ್ಟೆ.
ಫೋನಿಗೋ ದಿನಕ್ಕೆರಡು ಬ್ಯಾಟರಿ ಬೇಕು.
ಹನ್ನೊಂದು ಮನೆ, ಹನ್ನೊಂದು ಮುದಿಜೀವ;
ಒಳಹೋದಾಗೊಮ್ಮೆ ಹೊರಬಂದಾಗೊಮ್ಮೆ ಗುಂಡಿ ಒತ್ತದಿದ್ದರೆ
ಮೀಯಿಸಿದ್ದು, ಉಣಿಸಿದ್ದು, ಮಾತ್ರೆ ಎಣಿಸಿದ್ದು
ಯಾವುದೂ ನಡೆದೇ ಇಲ್ಲ
ಆಫೀಸಿನ ಲೆಕ್ಕದಲ್ಲಿ.

ಪಕ್ಕದ ಮನೆಯ ಕ್ಲಿಫ್ ಬ್ಲಾಂಚರ್ಡ್,
ಒಂದು ಕಾಲಕ್ಕೆ ಮೀನುಹಡಗುಗಳ ರೇಡಿಯೋ ರಿಪೇರಿಯವನು,
ಬೇಲಿಯಾಚೆಯಿಂದ ಕೇಳಿದ:
ಹೊಲಿಗೆ ಬರುತ್ತದಾ?
ಬರುತ್ತದೆ.
ಹಾಗಾದರೆ ಬೆಸುಗೆಯೂ ಬಂದೀತು.

ಮರದ ಬಟ್ಟೆಕ್ಲಿಪ್ಪು ಒಂದು,
ಹಿತ್ತಾಳೆಯ ಗುಂಡುಸೂಜಿ ಎರಡು,
ಕೆಟ್ಟ ಟಾರ್ಚಿನ ವೈರು ಒಂದು ಗೇಣು,
ಅಂಚೆಯಲ್ಲಿ ಬಂದ ಹಸಿರು ಚೂರು,
ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು,
ಐದಕ್ಕೆ ನಾಲ್ಕು ಪೌಂಡು.
ಬ್ಯಾಟರಿಗೆ ನಾಲ್ಕು ಹಲ್ಲು. ಕಚ್ಚುವುದು ಎರಡೇ,
ನಡುವಿನವು ಬರೀ ಚಾಡಿಕೋರರು, ಮುಟ್ಟಬೇಡ ಎಂದ.
ಅವನ ಕೈ ನಡುಗುತ್ತದೆ, ಬಾಯಿ ನಡುಗುವುದಿಲ್ಲ.
ಅವನು ಹೇಳಿದ, ನಾನು ಸುಟ್ಟುಕೊಂಡೆ.

ಮೊದಲ ದಿನ
ಕೂಡುವ ಕಡೆ ಕಳೆದೆ, ಕಳೆಯುವ ಕಡೆ ಕೂಡಿದೆ.
ಟುಸ್.
ಒಂದೆಳೆ ಹೊಗೆ, ಎಂಬತ್ತು ಪೆನ್ಸು.
ಇದಕ್ಕಿಂತ ಅಗ್ಗದ ಇಸ್ಕೂಲು ಈ ಊರಲ್ಲಿಲ್ಲ
ಎಂದು ಕೆಮ್ಮುತ್ತಾ ನಕ್ಕ ಕ್ಲಿಫ್,
ಮೀಟರು ಕೈಗಿತ್ತ: ನಂಬಬೇಡ, ಅಳೆ.

ಅಳೆದೆ. ನಾಲ್ಕು ಪಾಯಿಂಟ್ ಎರಡು.
ಅದರ ಮೇಲೆ ಒಂದು ತುತ್ತೂ ಇಲ್ಲ.
ತುಂಬಿದ ಹೊಟ್ಟೆಗೆ ಬಡಿಸಬಾರದೆಂದು
ಈ ಹಸಿರು ಚೂರಿಗೆ ಗೊತ್ತು,
ನಮ್ಮತ್ತೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಜೆರೇನಿಯಂ ಕುಂಡದ ಮಣ್ಣಿನ ತಟ್ಟೆಯ ಮೇಲೆ
ಕ್ಲಿಪ್ಪು ಕಚ್ಚಿಕೊಂಡು ಮಲಗಿದೆ ಬ್ಯಾಟರಿ,
ಒಗೆದು ಹಾಕಿದ ಪುಟ್ಟ ಕಾಲುಚೀಲದ ಹಾಗೆ.
ಕೆಂಪು ದೀಪ.
ಉರಿಯುವಾಗ ನಿದ್ದೆ ಮಾಡಕೂಡದು, ಕ್ಲಿಫ್‌ನ ಕಟ್ಟಳೆ.
ಊದಿಕೊಂಡರೆ ಕರುಣೆ ಕೂಡದು.
ಯೂನಿಫಾರ್ಮಿನ ಅಂಚು ಹೊಲಿಯುತ್ತಾ ಕೂತೆ.
ಹಂಬರ್ ಕಡೆಯಿಂದ ಗಾಳಿ, ಮೀನಿನ ವಾಸನೆ,
ಹನ್ನೊಂದೂವರೆ, ಹನ್ನೆರಡು,
ದಾರ ಕಡಿಯಲು ಬಗ್ಗಿ ತಲೆ ಎತ್ತುವಷ್ಟರಲ್ಲಿ
ನೀಲಿ.

ಮರುದಿನ ಏಳನೆಯ ಮನೆ, ಮಿಸೆಸ್ ಆಡ್ಲಾರ್ಡ್.
ಗಂಜಿಯ ನಡುವೆ ಫೋನು ಕಣ್ಣು ಮುಚ್ಚಿತು.
ಉಗುರಿನಲ್ಲಿ ಬೆನ್ನು ಬಿಚ್ಚಿದೆ, ಬರಿದನ್ನು ತೆಗೆದೆ,
ಜೇಬಿನ ಬಿಸಿಯಿಂದ ತುಂಬಿದ್ದನ್ನು ಕೂರಿಸಿದೆ.
ಚಮಚದ ಹಿಂದಿನಿಂದ ನೋಡುತ್ತಿದ್ದಳು ಆಕೆ.
ಡಾಮಿನೋನಾ? ನನಗೂ ಒಂದು ಕೊಡು.
ಬರಿದಾದದ್ದನ್ನು ಕೊಟ್ಟೆ.
ಟ್ರೇ ಮೇಲೆ ನಿಲ್ಲಿಸಿದಳು, ನೆಟ್ಟಗೆ,
ಈಗ ನಿನ್ನ ಸರದಿ.

ಫೋನು ಎಚ್ಚರಾಗಲು ನಲವತ್ತು ಸೆಕೆಂಡು.
ಯಾರ ಲೆಕ್ಕಕ್ಕೂ ಸಿಗದ ನಲವತ್ತು.
ಬಿಸ್ಕತ್ತೊಂದನ್ನು ಅದರ ಪಕ್ಕ ಇಟ್ಟೆ.
ಸೋತೆ ಎಂದಳು.
ಸೋತೆ.